ವಿಜಯಪುರದ ಅಂಗಳದಲ್ಲಿ ಕಣಗಿಲೆ

ವಿಜಯಪುರದಲ್ಲಿ ಮನೆಯಂಗಳದ ತೋಟ ಮಾಡುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ ಇದು. ಸಭೆಯಲ್ಲಿ ಬಂದ ಪ್ರಶ್ನೆಗಳು ಕೊನೆಯಲ್ಲಿವೆ.

ಎಲ್ಲರಿಗೂ ಶರಣು. ಮಿರಗದ ಮಳೆ ಹತ್ತಿರ ಬಂದಿದೆ. ಈ ಸಲ ಅಂಗಳಕ್ಕೆ ಯಾವ ಗಿಡ ಹಚ್ಚೋಣ ಎನ್ನುವ ಮಾತು ಮನೆಮನೆಯಲ್ಲೂ ನಡೆದಿದೆ. ನಮ್ಮ ಊರಲ್ಲಿ ಹೂಗಿಡ ಬೆಳೆಸುವವರಿಗೆ ಮೂರು ಕಷ್ಟ ತಪ್ಪಿದ್ದಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಬಿಸಿಲು, ಬೋರಿನ ಸವಳು ನೀರು, ಮಳೆಗಾಲದಲ್ಲಿ ಕಾಲಿಗೆ ಅಂಟಿ ಬೇಸಿಗೆಯಲ್ಲಿ ಬಿರುಕು ಬಿಡುವ ಎರೆಮಣ್ಣು. ಈ ಮೂರನ್ನೂ ತಾಳಿಕೊಂಡು ವರ್ಷದ ಬಹುಪಾಲು ತಿಂಗಳು ಹೂ ಕೊಡುವ ಪೊದೆಗಿಡ ಯಾವುದು ಎಂದು ಕೇಳಿದರೆ ಕಣಗಿಲೆಯ ಹೆಸರನ್ನೇ ಮೊದಲು ಹೇಳಬೇಕು.

ಇದನ್ನು ಯಾರಾದರೂ ಬೆಳೆಸಬಹುದು, ಅದಕ್ಕೊಂದು ಉಪನ್ಯಾಸ ಬೇಕೇ ಎಂದು ನಿಮಗೆ ಅನಿಸಬಹುದು. ಗಿಡ ಬದುಕುವುದಕ್ಕೆ ಬೇಕಿಲ್ಲ, ನಿಜ. ಆದರೆ ಊರಲ್ಲಿ ಒಂದು ಸುತ್ತು ಹಾಕಿ ಕಂಪೌಂಡುಗಳ ಒಳಗೆ ನೋಡಿ. ಹತ್ತು ಹನ್ನೆರಡು ಅಡಿ ಎತ್ತರ ಹೋದ ಕಣಗಿಲೆ, ಕೆಳಗೆಲ್ಲ ಬೋಳು ಟೊಂಗೆ, ತುದಿಯಲ್ಲಿ ಕೈಗೆಟುಕದ ನಾಲ್ಕಾರು ಗೊಂಚಲು. ಹೇಗಿಟ್ಟರೂ ಸಾಯುವುದಿಲ್ಲ ಎಂಬ ಧೈರ್ಯದಲ್ಲಿ ನೆಟ್ಟು ಮರೆತದ್ದರ ಫಲ ಇದು. ಇದೇ ಗಿಡ ಎದೆಮಟ್ಟದ ಎತ್ತರದಲ್ಲಿ ಬುಡದಿಂದ ತುದಿಯವರೆಗೆ ಹೂ ತುಂಬಿ ನಿಲ್ಲಬಲ್ಲದು. ಅದಕ್ಕೆ ಬೇಕಾಗುವುದು ತುಂಬ ದುಡಿಮೆಯಲ್ಲ. ಯಾವ ತಿಂಗಳಲ್ಲಿ ಏನು ಮಾಡಬೇಕು, ಏಕೆ ಮಾಡಬೇಕು ಎಂಬ ತಿಳಿವಳಿಕೆ ಬೇಕು.

ಮೊದಲು ಗಿಡದ ಮೂಲ ನೆಲೆಯನ್ನು ತಿಳಿದುಕೊಳ್ಳೋಣ, ಉಳಿದ ಆರೈಕೆಯೆಲ್ಲ ಅದರಿಂದಲೇ ಹೊರಡುತ್ತದೆ. ಕಣಗಿಲೆಯ ಶಾಸ್ತ್ರೀಯ ಹೆಸರು ನೀರಿಯಮ್ ಓಲಿಯಾಂಡರ್. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳಿಂದ ಹಿಡಿದು ನಮ್ಮ ದೇಶದವರೆಗೂ ಇದು ತಾನಾಗಿ ಬೆಳೆಯುವುದು ಬಹುಮಟ್ಟಿಗೆ ಹಳ್ಳಗಳ ಪಾತ್ರದಲ್ಲಿ. ಮಳೆಗಾಲದಲ್ಲಿ ನೀರು ಹರಿದು ಬೇಸಿಗೆಯಲ್ಲಿ ಬರಿ ಉಸುಕು, ಗುಂಡುಗಲ್ಲು ಉಳಿಯುವ ಜಾಗ ಅದು. ಅಲ್ಲಿ ತಲೆಯ ಮೇಲೆ ಮರದ ನೆರಳಿಲ್ಲ. ಮೇಲ್ಮಣ್ಣು ಒಣಗಿದ್ದರೂ ಆಳದಲ್ಲಿ ತೇವ ಇರುತ್ತದೆ. ಪ್ರವಾಹ ಬಂದರೆ ಕೆಲವು ದಿನ ಬುಡ ಮುಳುಗುತ್ತದೆ, ಆಮೇಲೆ ನೀರು ಬಸಿದುಹೋಗುತ್ತದೆ. ಹಾಗಾದರೆ ನಮ್ಮ ಅಂಗಳದಲ್ಲಿ ಅದಕ್ಕೆ ಬೇಕಾದದ್ದು ಇಡೀ ದಿನದ ಬಿಸಿಲು, ಬಸಿಯುವ ಮಣ್ಣು, ಆಳಕ್ಕೆ ಇಳಿಯುವ ನೀರು. ಬರ ತಾಳುವ ಗಿಡ ಎಂದರೆ ನೀರು ಬೇಡದ ಗಿಡ ಎಂದಲ್ಲ. ನೀರು ಸಿಗದಾಗ ಕಣಗಿಲೆ ಬದುಕುತ್ತದೆ, ಹೂವನ್ನು ಮಾತ್ರ ನಿಲ್ಲಿಸುತ್ತದೆ.

ಬದುಕುವ ಗುಟ್ಟು ಎಲೆಯಲ್ಲಿದೆ. ಮೇಲ್ಮೈ ದಪ್ಪ, ಗಡುಸು, ಅದರ ಮೇಲೆ ಮೇಣದ ಲೇಪ. ಉಸಿರಾಡುವ ರಂಧ್ರಗಳು ಎಲೆಯ ಕೆಳಗಡೆ ಸಣ್ಣ ಕುಳಿಗಳ ಒಳಗೆ ಅಡಗಿರುತ್ತವೆ, ಆ ಕುಳಿಗಳ ತುಂಬ ನವಿರಾದ ಕೂದಲು. ಬಿಸಿಗಾಳಿ ರಂಧ್ರಕ್ಕೆ ನೇರವಾಗಿ ತಗಲುವುದಿಲ್ಲ, ತೇವ ಬೇಗ ಆರುವುದಿಲ್ಲ. ಚತುಷ್ಪಥ ಹೆದ್ದಾರಿಗಳ ನಡುಪಟ್ಟಿಯಲ್ಲಿ ಈ ಗಿಡವನ್ನೇ ಹೆಚ್ಚಾಗಿ ನೆಡುವುದಕ್ಕೆ ಇದೂ ಒಂದು ಕಾರಣ. ಎದುರಿನ ವಾಹನದ ದೀಪದ ಬೆಳಕನ್ನು ತಡೆಯುವಷ್ಟು ದಟ್ಟವಾಗಿ ಬೆಳೆಯುತ್ತದೆ, ದನಕರು ಬಾಯಿ ಹಾಕುವುದಿಲ್ಲ.

ಬಾಯಿ ಹಾಕುವುದಿಲ್ಲ ಏಕೆಂದರೆ ಇದು ವಿಷ. ನೆಡುವ ವಿಧಾನ ಹೇಳುವ ಮೊದಲೇ ಈ ಮಾತನ್ನು ಪೂರ್ತಿ ಹೇಳಬೇಕು. ಬೇರು, ಕಾಂಡ, ಎಲೆ, ಹೂ, ಬೀಜ, ಬಿಳಿಯ ಸೊನೆ, ಎಲ್ಲದರಲ್ಲೂ ಓಲಿಯಾಂಡ್ರಿನ್ ಮತ್ತು ಅದೇ ಬಗೆಯ ವಿಷಗಳಿವೆ. ಅವು ಹೃದಯದ ಬಡಿತವನ್ನು ಕೆಡಿಸುತ್ತವೆ. ಒಣಗಿಸಿದರೆ ಹೋಗುವುದಿಲ್ಲ, ಕುದಿಸಿದರೆ ಹೋಗುವುದಿಲ್ಲ. ವಾಂತಿ, ಹೊಟ್ಟೆನೋವು, ತಲೆಸುತ್ತು, ನಾಡಿ ನಿಧಾನವಾಗುವುದು ಅಥವಾ ಲಯ ತಪ್ಪುವುದು ಇದರ ಲಕ್ಷಣ. ಮಗು ಎಲೆ ಅಗಿದಿದೆ ಎಂಬ ಅನುಮಾನ ಬಂದರೂ ಲಕ್ಷಣಕ್ಕಾಗಿ ಕಾಯಬೇಡಿ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಹೋಗಿ. ಜೊತೆಗೆ ಒಂದು ಎಲೆ ಒಯ್ಯಿರಿ, ವೈದ್ಯರಿಗೆ ಗಿಡ ಗುರುತಿಸಲು ನೆರವಾಗುತ್ತದೆ.

ನಮ್ಮ ಮನೆಗಳಲ್ಲಿ ಕಣಗಿಲೆ ಶಿವಪೂಜೆಯ ಹೂ. ಪೂಜೆಗೆ ಏರಿಸಿ, ಅದರಲ್ಲಿ ತಪ್ಪಿಲ್ಲ. ಆದರೆ ತೀರ್ಥದ ಬಟ್ಟಲಿಗೆ, ಪಂಚಾಮೃತಕ್ಕೆ, ಎಡೆಯ ಮೇಲೆ ಈ ಹೂ ಬೀಳಬಾರದು. ಕೇರಳದಲ್ಲಿ ದೇವಸ್ಥಾನಗಳ ಆಡಳಿತ ನೋಡಿಕೊಳ್ಳುವ ತಿರುವಾಂಕೂರು ದೇವಸ್ವಂ ಮಂಡಳಿ 2024ರ ಮೇ ತಿಂಗಳಲ್ಲಿ ನೈವೇದ್ಯಕ್ಕೂ ಪ್ರಸಾದಕ್ಕೂ ಕಣಗಿಲೆ ಹೂವನ್ನು ಬಳಸುವುದನ್ನು ನಿಲ್ಲಿಸಿತು. ಆ ನಿಯಮವನ್ನು ನಾವು ಮನೆಯ ಜಗಲಿಯ ಮೇಲೂ ಪಾಲಿಸುವುದು ಒಳ್ಳೆಯದು.

ಇನ್ನು ದನಕರು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಹಸಿ ಕಣಗಿಲೆಯನ್ನು ಕಹಿಗೆ ಹೆದರಿ ಆಡೂ ಬಿಡುತ್ತದೆ. ಅಪಾಯ ಇರುವುದು ಕತ್ತರಿಸಿ ಬಿದ್ದ ಸೊಪ್ಪಿನಲ್ಲಿ. ಬಾಡಿದ ಮೇಲೆ ಕಹಿ ಕಡಿಮೆಯಾಗುತ್ತದೆ, ವಿಷ ಕಡಿಮೆಯಾಗುವುದಿಲ್ಲ. ಕಣಿಕೆಯಲ್ಲಿ, ಹೊಟ್ಟಿನಲ್ಲಿ ಬೆರೆತರೆ ದನ ಗೊತ್ತಾಗದೆ ತಿನ್ನುತ್ತದೆ, ಹತ್ತಿಪ್ಪತ್ತು ಎಲೆ ದೊಡ್ಡ ದನದ ಜೀವವನ್ನೇ ತೆಗೆಯಬಹುದು. ಹಾಗಾಗಿ ದನದ ಕೊಟ್ಟಿಗೆ, ನೀರಿನ ತೊಟ್ಟಿ, ಬಾವಿ, ಶಾಲೆಯ ಆಟದ ಬಯಲು, ಇವುಗಳ ಪಕ್ಕದಲ್ಲಿ ಕಣಗಿಲೆ ಬೇಡ. ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸಿನ ಮಗು ಮನೆಯಲ್ಲಿದ್ದರೆ ಮೂರ್ನಾಲ್ಕು ವರ್ಷ ತಡೆಯಿರಿ, ಅಲ್ಲಿಯವರೆಗೆ ದಾಸವಾಳ ಹಚ್ಚಿ. ಹಳದಿ ಹೂವಿನ, ಗಂಟೆಯಾಕಾರದ ಇನ್ನೊಂದು ಗಿಡವನ್ನೂ ಕಣಗಿಲೆ ಎಂದೇ ಕರೆಯುತ್ತೇವೆ. ಅದು ಬೇರೆ ಜಾತಿ, ಅದರ ಕಾಯಿಯ ಬೀಜವೂ ಕಡು ವಿಷ. ಮಕ್ಕಳು ಆ ಕಾಯಿಯನ್ನು ಆಟಕ್ಕೆ ಆರಿಸಿಕೊಳ್ಳುತ್ತಾರೆ, ಆದ್ದರಿಂದ ಮನೆಯಂಗಳಕ್ಕೆ ಅದನ್ನು ತರಲೇಬೇಡಿ.

ಈಗ ಗಿಡದ ಆಯ್ಕೆ. ಒಂಟಿ ಎಸಳಿನ ಬಿಳಿ, ಗುಲಾಬಿ, ಕೆಂಪು, ಇವು ನಮ್ಮ ಹವೆಗೆ ಅತಿ ಗಟ್ಟಿ. ಬಾಡಿದ ಹೂ ತಾನೇ ಕಳಚಿ ಬೀಳುತ್ತದೆ, ಗಿಡ ಯಾವಾಗಲೂ ಚೊಕ್ಕಟ. ಸುತ್ತೆಸಳಿನ ಗುಲಾಬಿ ಬಣ್ಣದ್ದು ಘಮಘಮಿಸುತ್ತದೆ, ಆದರೆ ಬಾಡಿದ ಹೂ ಕಂದಾಗಿ ಗೊಂಚಲಿಗೇ ಅಂಟಿಕೊಂಡಿರುತ್ತದೆ. ಮಳೆ ಹಿಡಿದರೆ ಮೊಗ್ಗಿನೊಳಗೆ ನೀರು ನಿಂತು ಕೊಳೆಯುತ್ತದೆ. ವಾಸನೆಗಾಗಿ ಒಂದು ಗಿಡ ಇರಲಿ, ಉಳಿದವು ಒಂಟಿ ಎಸಳಿನವೇ ಇರಲಿ ಎಂಬುದು ನಮ್ಮ ಸಲಹೆ. ಮಾಳಿಗೆಯ ಮೇಲೆ ಕುಂಡದಲ್ಲಿ ಇಡುವವರು ಗಿಡ್ಡ ತಳಿ ಕೇಳಿ ತನ್ನಿ, ಅದು ಮೂರ್ನಾಲ್ಕು ಅಡಿಗೆ ನಿಲ್ಲುತ್ತದೆ. ನರ್ಸರಿಯಲ್ಲಿ ಹೂ ಬಿಟ್ಟಿರುವ ಗಿಡವನ್ನೇ ಆರಿಸಿ, ಬಣ್ಣದ ಬಗ್ಗೆ ಮೋಸವಾಗುವುದಿಲ್ಲ. ಎತ್ತರಕ್ಕೆ ಹೋದ ಒಂಟಿ ಕೋಲಿಗಿಂತ ಬುಡದಲ್ಲೇ ಮೂರ್ನಾಲ್ಕು ಟೊಂಗೆ ಒಡೆದ ಗಿಡ್ಡ ಸಸಿ ಲೇಸು. ಎಲೆಯ ಕೆಳಗೆ ಕಂದು ಹುರುಪೆಯಂಥ ಶಲ್ಕಕೀಟ ಇದ್ದರೆ ಬಿಟ್ಟುಬಿಡಿ.

ಜಾಗ ನಿರ್ಧರಿಸುವಾಗ ಬಿಸಿಲನ್ನು ಲೆಕ್ಕ ಹಾಕಿ. ದಿನಕ್ಕೆ ಕನಿಷ್ಠ ಆರು ತಾಸು ನೇರ ಬಿಸಿಲು ಬೀಳಬೇಕು. ಎರಡು ಮನೆಗಳ ನಡುವಿನ ಸಂದಿಯಲ್ಲಿ ನೆಟ್ಟರೆ ಗಿಡ ಬೆಳಕನ್ನು ಹುಡುಕುತ್ತ ಉದ್ದಕ್ಕೆ ಹೋಗುತ್ತದೆ, ಹೂ ಬಿಡುವುದಿಲ್ಲ. ಗೋಡೆಯಿಂದ 1.5 ಮೀಟರ್, ಕುಡಿಯುವ ನೀರಿನ ಪೈಪು ಹಾಗೂ ಶೌಚದ ಗುಂಡಿಯಿಂದ 3 ಮೀಟರ್ ದೂರ ಇರಲಿ, ಇದರ ಬೇರು ತೇವವನ್ನು ಹುಡುಕಿಕೊಂಡು ಹೋಗುತ್ತದೆ. ಒಂಟಿಯಾಗಿ ಪೊದೆ ಬೆಳೆಸುವುದಾದರೆ ಗಿಡದಿಂದ ಗಿಡಕ್ಕೆ 2 ರಿಂದ 2.5 ಮೀಟರ್, ಬೇಲಿಯಂತೆ ಬೇಕಾದರೆ 1.2 ರಿಂದ 1.5 ಮೀಟರ್.

ಎರೆಮಣ್ಣಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಪುಸ್ತಕದ ಮಾತು ಇಲ್ಲಿ ನಡೆಯುವುದಿಲ್ಲ. ಎರಡಡಿ ಉದ್ದ, ಅಗಲ, ಆಳದ ಕುಣಿ ತೋಡಿ, ಉಸುಕು ಗೊಬ್ಬರ ಬೆರೆಸಿದ ಸಡಿಲ ಮಣ್ಣು ತುಂಬಿ ಎಂದು ಎಲ್ಲ ಕಡೆ ಹೇಳುತ್ತಾರೆ. ಗರಸು, ಅಂದರೆ ಸಣ್ಣ ಕಲ್ಲು ಬೆರೆತ ನೆಲಕ್ಕೆ ಅದು ಸರಿ. ಅಪ್ಪಟ ಎರೆಯಲ್ಲಿ ಹಾಗೆ ಮಾಡಿದರೆ ಮಳೆಗಾಲದಲ್ಲಿ ಸುತ್ತಲಿನ ನೀರೆಲ್ಲ ಆ ಸಡಿಲ ಕುಣಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಸುತ್ತಲಿನ ಜಿಗುಟು ಗೋಡೆ ಅದನ್ನು ಹೊರಗೆ ಬಿಡುವುದಿಲ್ಲ. ಕಣಗಿಲೆ ನಾಲ್ಕು ದಿನ ನೀರು ತಡೆಯುತ್ತದೆ, ಮೂರು ವಾರ ತಡೆಯುವುದಿಲ್ಲ. ಬೇರು ಕೊಳೆತು ಎಲೆ ಹಳದಿಯಾಗುತ್ತದೆ. ಮನೆಯವರು ಗೊಬ್ಬರ ಸಾಲದೆಂದು ಇನ್ನಷ್ಟು ಹಾಕುತ್ತಾರೆ, ಗಿಡ ಇನ್ನಷ್ಟು ಸೊರಗುತ್ತದೆ.

ಎರೆಯಲ್ಲಿ ಹೀಗೆ ಮಾಡಿ. ಮೂರಡಿ ಅಗಲದ ಜಾಗವನ್ನು ಒಂದಡಿ ಆಳಕ್ಕೆ ಮಾತ್ರ ಅಗೆದು ಹೆಂಟೆ ಒಡೆಯಿರಿ. ಅದೇ ಮಣ್ಣು ಎರಡು ಪಾಲು, ಗರಸು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು ಬೆರೆಸಿ. 200 ಗ್ರಾಂ ಬೇವಿನ ಹಿಂಡಿ ಸೇರಿಸಿ. ಈ ಮಿಶ್ರಣವನ್ನು ನೆಲಮಟ್ಟಕ್ಕಿಂತ ಮುಕ್ಕಾಲು ಅಡಿಯಿಂದ ಒಂದಡಿ ಎತ್ತರದ ದಿಬ್ಬವಾಗಿ ಏರಿಸಿ, ಅದರ ನೆತ್ತಿಯಲ್ಲಿ ಸಸಿ ನೆಡಿ. ಗರಸು ಸಿಗದೆ ಉಸುಕು ಬಳಸುವುದಾದರೆ ದಪ್ಪ ಹರಳಿನದೇ ಆಗಬೇಕು. ಗಿಲಾವಿಗೆ ಬಳಸುವ ಸಣ್ಣ ಉಸುಕು ಎರೆಯೊಡನೆ ಸೇರಿದರೆ ಮಣ್ಣು ಇನ್ನಷ್ಟು ಗಟ್ಟಿಯಾಗುತ್ತದೆ. ಮನೆ ಕಟ್ಟುವಾಗ ಗರಸು ತುಂಬಿಸಿ ಎತ್ತರಿಸಿದ ಪ್ಲಾಟುಗಳಲ್ಲಿ ಸಮಸ್ಯೆ ಇದಕ್ಕೆ ತಿರುವುಮುರುವು. ಅಲ್ಲಿ ನೀರು ನಿಲ್ಲುವುದೇ ಇಲ್ಲ. ಎರಡಡಿ ಕುಣಿ ತೋಡಿ, ಗರಸಿಗೆ ಮೂರನೇ ಒಂದು ಪಾಲು ಎರೆ, 10 ಕೆ.ಜಿ. ಗೊಬ್ಬರ ಬೆರೆಸಿ ತುಂಬಿ. ಹಳೆ ಗಾರೆಯ ಚೂರು, ಸಿಮೆಂಟಿನ ತುಣುಕು ಕಂಡರೆ ಆರಿಸಿ ಹೊರಹಾಕಿ, ನಮ್ಮ ಮಣ್ಣಿನಲ್ಲಿ ಸುಣ್ಣ ಮೊದಲೇ ಹೆಚ್ಚು.

ಚೀಲದಿಂದ ತೆಗೆದಾಗ ಬೇರು ಸುರುಳಿ ಸುತ್ತಿದ್ದರೆ ಬೆರಳಿನಿಂದ ಬಿಡಿಸಿ. ಚೀಲದಲ್ಲಿ ಮಣ್ಣು ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೇ ಹೂಳಿ. ಕಾಲಿನಿಂದ ತುಳಿಯದೆ ಕೈಯಿಂದ ಒತ್ತಿ ನೀರು ಬಿಡಿ. ಜೂನ್ ನಡುವಿನಿಂದ ಜುಲೈ ಕೊನೆಯವರೆಗೆ ನೆಡಲು ಒಳ್ಳೆಯ ಕಾಲ. ಅದು ತಪ್ಪಿದರೆ ಉತ್ತರಿ ಮಳೆಯ ಹೊತ್ತಿಗೆ, ಸೆಪ್ಟೆಂಬರಿನಲ್ಲಿ. ಬೇಸಿಗೆಯಲ್ಲಿ ನೆಟ್ಟ ಸಸಿ ಬದುಕಿದರೂ ಬೇರಿಳಿಸುವ ಬದಲು ನೀರಿಗಾಗಿ ಹೆಣಗುವುದರಲ್ಲೇ ಆ ವರ್ಷ ಕಳೆಯುತ್ತದೆ.

ನೀರಿನ ಮಾತಿಗೆ ಬರೋಣ. ಮಳೆಯಿಲ್ಲದ ದಿನಗಳಲ್ಲಿ ಮೊದಲ ಎರಡು ವಾರ ಎರಡು ಮೂರು ದಿನಕ್ಕೊಮ್ಮೆ 5 ಲೀಟರ್. ಆಮೇಲೆ ಮೊದಲ ವರ್ಷವಿಡೀ ವಾರಕ್ಕೊಮ್ಮೆ 10 ರಿಂದ 15 ಲೀಟರ್, ಮಾರ್ಚಿನಿಂದ ಮೇವರೆಗೆ ವಾರಕ್ಕೆ ಎರಡು ಸಲ. ಎರಡನೇ ವರ್ಷದಿಂದ ಹತ್ತು ದಿನಕ್ಕೊಮ್ಮೆ 30 ರಿಂದ 40 ಲೀಟರ್ ಸಾಕು. ದಿನಾ ಸಂಜೆ ಪೈಪು ಹಿಡಿದು ಬುಡ ತೋಯಿಸುವ ರೂಢಿ ಈ ಗಿಡಕ್ಕೆ ಒಳ್ಳೆಯದಲ್ಲ. ನೀರು ಎರಡಿಂಚು ಇಳಿಯುತ್ತದೆ, ಬೇರು ಅಲ್ಲೇ ಮೇಲೆ ಹರಡಿಕೊಳ್ಳುತ್ತದೆ. ಬಿಸಿಲಿಗೆ ನೀರು ಆರಿ ಅದರಲ್ಲಿದ್ದ ಉಪ್ಪು ಮೇಲ್ಮಣ್ಣಿನಲ್ಲೇ ಉಳಿಯುತ್ತದೆ. ಬುಡದ ಸುತ್ತ ಬಿಳಿಯ ಹೊಪ್ಪಳಿಕೆ, ಎಲೆಯ ತುದಿ ಅಂಚು ಸುಟ್ಟಂತೆ ಕಂದಾಗುವುದು, ಇವೆರಡೂ ಕಂಡರೆ ಕಾರಣ ಇದೇ. ಕಣಗಿಲೆ ಸವಳನ್ನು ತಕ್ಕಮಟ್ಟಿಗೆ ತಾಳುತ್ತದೆ, ಆದರೆ ಉಪ್ಪನ್ನು ಬೇರಿನ ಕೆಳಕ್ಕೆ ತಳ್ಳುವಷ್ಟು ನೀರನ್ನು ಒಂದೇ ಸಲ ಕೊಡಬೇಕು. ಬುಡದಿಂದ ಒಂದೂವರೆ ಅಡಿ ದೂರದಲ್ಲಿ ಪಾತಿ ಕಟ್ಟಿ, ಪೈಪನ್ನು ಸಣ್ಣ ಧಾರೆಯಲ್ಲಿ ಬಿಟ್ಟು ಅರ್ಧ ತಾಸು ಇಂಗಲು ಬಿಡಿ. ಪಾತಿಯ ಮೇಲೆ ತೊಗರಿ ಹೊಟ್ಟು ಅಥವಾ ಜೋಳದ ಕಣಿಕೆಯ ಚೂರನ್ನು ಮೂರಿಂಚು ದಪ್ಪ ಹರಡಿ. ಕಾಂಡಕ್ಕೆ ತಾಗದಂತೆ ಒಂದು ಗೇಣು ಜಾಗ ಬಿಡಿ. ಮಳೆನೀರು ಹಿಡಿದಿಟ್ಟುಕೊಳ್ಳುವ ಮನೆಗಳಲ್ಲಿ ತಿಂಗಳಿಗೊಮ್ಮೆಯಾದರೂ ಆ ನೀರು ಕೊಟ್ಟರೆ ಎಲೆಯ ಬಣ್ಣದಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

ಗೊಬ್ಬರವನ್ನು ಬೇಗ ಮುಗಿಸೋಣ, ಕಣಗಿಲೆಗೆ ಅದು ಹೆಚ್ಚು ಬೇಕಿಲ್ಲ. ಫೆಬ್ರುವರಿಯಲ್ಲಿ 5 ಕೆ.ಜಿ. ತಿಪ್ಪೆಗೊಬ್ಬರ, 200 ಗ್ರಾಂ ಬೇವಿನ ಹಿಂಡಿ. ಜುಲೈಯಲ್ಲಿ ಮತ್ತೆ 5 ಕೆ.ಜಿ. ಗೊಬ್ಬರ. ಯೂರಿಯಾ ಹಾಕಬೇಡಿ. ಎಲೆ ಹುಲುಸಾಗುತ್ತದೆ, ಹೂ ಹಿಂದೆ ಸರಿಯುತ್ತದೆ, ಎಳೆ ಚಿಗುರಿಗೆ ಸಸ್ಯಹೇನು ಮುತ್ತುತ್ತದೆ. ನಮ್ಮ ಭಾಗದಲ್ಲಿ ಬರುವ ನಿಜವಾದ ಪೌಷ್ಟಿಕ ಕೊರತೆ ಕಬ್ಬಿಣದ್ದು. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದೇ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಸುಣ್ಣದಿಂದಾಗಿ ಬೇರಿಗೆ ಎಟುಕುವುದಿಲ್ಲ. ಹೀಗಾಗಿ ಅನ್ನಭೇದಿಯನ್ನು (ಕಬ್ಬಿಣದ ಸಲ್ಫೇಟ್) ಮಣ್ಣಿಗೆ ಹಾಕಿದರೂ ಕೆಲವೇ ದಿನಗಳಲ್ಲಿ ಅದೂ ಕಟ್ಟಿಕೊಳ್ಳುತ್ತದೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಮತ್ತೊಮ್ಮೆ. ಮಣ್ಣಿಗೇ ಕೊಡಬೇಕೆಂದರೆ ಇಡಿಡಿಎಚ್‌ಎ ಎಂಬ ವಸ್ತುವಿನೊಡನೆ ಕೂಡಿಸಿದ ಕಬ್ಬಿಣ ಕೇಳಿ, ಕ್ಷಾರದ ಮಣ್ಣಿನಲ್ಲಿ ಇಡಿಟಿಎಯೊಡನೆ ಕೂಡಿಸಿದ್ದು ನಿಲ್ಲುವುದಿಲ್ಲ. ಬುಡದ ಹಳೆಯ ಎಲೆಗಳು ಬೇಸಿಗೆಯಲ್ಲಿ ಹಳದಿಯಾಗಿ ಉದುರುವುದು ಸಹಜ, ಅದಕ್ಕೆ ಔಷಧಿ ಬೇಡ.

ಇಷ್ಟೂ ಮಾಡಿದರೆ ಗಿಡ ಆರೋಗ್ಯವಾಗಿರುತ್ತದೆ. ಹೂ ಬರುವುದು ಕತ್ತರಿಯಿಂದ. ಇದು ಈ ಉಪನ್ಯಾಸದ ಮುಖ್ಯ ಭಾಗ.

ಕಣಗಿಲೆಯ ಗೊಂಚಲು ಮೂಡುವುದು ಹೊಸ ಚಿಗುರಿನ ತುದಿಯಲ್ಲಿ. ಹೂ ಮುಗಿದ ಮೇಲೆ ಆ ತುದಿಯ ಕೆಳಗಿನಿಂದ ಸಾಮಾನ್ಯವಾಗಿ ಮೂರು ಹೊಸ ಚಿಗುರು ಹೊರಡುತ್ತವೆ, ಮುಂದಿನ ಹೂ ಅವುಗಳ ತುದಿಯಲ್ಲಿ. ಹೀಗೆ ಕತ್ತರಿ ಕಾಣದ ಗಿಡದಲ್ಲಿ ಹೂ ವರ್ಷವರ್ಷಕ್ಕೆ ಮೇಲೇರುತ್ತ ಹೋಗುತ್ತದೆ, ಕೆಳಗಿನ ಎಲೆಗೆ ಬೆಳಕು ತಪ್ಪಿ ಟೊಂಗೆ ಬೋಳಾಗುತ್ತದೆ. ಇದನ್ನು ಕಂಡು ಬೇಸತ್ತವರು ಒಂದು ದಿನ ಬೇಲಿ ಕತ್ತರಿ ತಂದು ಇಡೀ ಗಿಡದ ನೆತ್ತಿಯನ್ನು ಸಮನಾಗಿ ಕತ್ತರಿಸುತ್ತಾರೆ. ಆಗ ಇದ್ದ ಮೊಗ್ಗೆಲ್ಲ ಒಂದೇ ಏಟಿಗೆ ಹೋಗುತ್ತದೆ. ಹೊಸ ಚಿಗುರು ಬಲಿತು ಮೊಗ್ಗು ಕಟ್ಟಲು ಎರಡು ತಿಂಗಳಾದರೂ ಬೇಕು. ಇದನ್ನು ಏಪ್ರಿಲಿನಲ್ಲಿ ಮಾಡಿದರೆ ಆ ಬೇಸಿಗೆಯ ಹೂವೆಲ್ಲ ನಷ್ಟ, ನೆರಳಿನಲ್ಲಿದ್ದ ಟೊಂಗೆಗಳ ಸಿಪ್ಪೆ ಬಿಸಿಲಿಗೆ ಸುಡುವುದು ಬೇರೆ.

ಸರಿಯಾದ ದಾರಿ ಮೂರು ವರ್ಷದ ಸರದಿ. ಬುಡದಿಂದ ಎದ್ದ ಆರು ಟೊಂಗೆಗಳಿರುವ ಪೊದೆ ಎಂದುಕೊಳ್ಳಿ. ಸಂಕ್ರಮಣ ಕಳೆದು ಚಳಿ ಇಳಿಯುವ ಹೊತ್ತಿಗೆ, ಜನವರಿ ಕೊನೆಯ ವಾರದಲ್ಲಿ, ಅತಿ ಹಳೆಯ ಎರಡು ಟೊಂಗೆಗಳನ್ನು ನೆಲದಿಂದ ಒಂದಡಿ ಎತ್ತರಕ್ಕೆ ಕಡಿಯಿರಿ. ಉಳಿದ ನಾಲ್ಕನ್ನು ಮುಟ್ಟಬೇಡಿ, ಆ ಬೇಸಿಗೆಯ ಹೂ ಅವುಗಳದ್ದು. ಕಡಿದಲ್ಲಿಂದ ಎದ್ದ ಚಿಗುರು ಒಂದೂವರೆ ಅಡಿ ಆದಾಗ ತುದಿ ಚಿವುಟಿ, ಅದು ಮೂರಾಗಿ ಕವಲೊಡೆಯುತ್ತದೆ. ಮುಂದಿನ ಜನವರಿಗೆ ಇನ್ನೆರಡು, ಅದರ ಮುಂದಿನ ವರ್ಷಕ್ಕೆ ಕೊನೆಯ ಎರಡು. ಮೂರು ವರ್ಷದಲ್ಲಿ ಇಡೀ ಗಿಡ ಹೊಸದಾಗುತ್ತದೆ, ಒಂದು ಹಂಗಾಮೂ ಹೂವಿಲ್ಲದೆ ಹೋಗುವುದಿಲ್ಲ.

ಜೂನ್ ಕೊನೆಗೆ ಬೇಸಿಗೆಯ ಹೂ ಇಳಿದಾಗ ಎರಡನೆಯ, ಹಗುರ ಕತ್ತರಿ. ಹೂ ಮುಗಿದ ಟೊಂಗೆಗಳಲ್ಲಿ ಅರ್ಧದಷ್ಟನ್ನು ಮಾತ್ರ ಅರ್ಧ ಅಡಿಯಿಂದ ಒಂದಡಿ ಹಿಂದಕ್ಕೆ ಕತ್ತರಿಸಿ, ಆ ಚಿಗುರು ಸೆಪ್ಟೆಂಬರ್, ಅಕ್ಟೋಬರಿಗೆ ಹೂ ಕೊಡುತ್ತದೆ. ಎಲೆಗಳು ಮೂರು ಮೂರಾಗಿ ಸುತ್ತುಗೂಡಿರುತ್ತವಲ್ಲ, ಆ ಸುತ್ತಿನ ಒಂದು ಸೆಂಟಿಮೀಟರ್ ಮೇಲೆ ಕತ್ತರಿ ಹಾಕಬೇಕು. ಎರಡು ಸುತ್ತಿನ ನಟ್ಟನಡುವೆ ಕತ್ತರಿಸಿದರೆ ಮೇಲಿನ ತುಂಡು ಒಣಗಿ ರೋಗಕ್ಕೆ ದಾರಿಯಾಗುತ್ತದೆ. ಒಂದು ಗೇಣುದ್ದದ ಜೋಡಿ ಕಾಯಿಗಳು ಕಂಡರೆ ಎಳೆಯದಾಗಿರುವಾಗಲೇ ತೆಗೆಯಿರಿ. ಬೀಜ ಬಲಿಯಲು ಹೋಗುವ ಶಕ್ತಿ ಮೊಗ್ಗಿಗೆ ಉಳಿಯುತ್ತದೆ. ಬುಡದಲ್ಲಿ ಎದ್ದ ಮರಿಗಳಲ್ಲಿ ಹಳೆ ಟೊಂಗೆಯ ಜಾಗ ತುಂಬಲು ಬೇಕಾದ ಒಂದೆರಡನ್ನು ಬಿಟ್ಟು ಉಳಿದದ್ದನ್ನು ಎಳೆಯದಾಗಿರುವಾಗಲೇ ಕಿತ್ತುಹಾಕಿ.

ಕತ್ತರಿಸುವಾಗ ಕೈಗವಸು, ಕನ್ನಡಕ ಹಾಕಿಕೊಳ್ಳಿ. ಸೊನೆ ಚರ್ಮಕ್ಕೆ ಉರಿ, ಕಣ್ಣಿಗೆ ಅಪಾಯ. ಮುಗಿದ ಮೇಲೆ ಕೈ ಸಾಬೂನಿನಿಂದ ತೊಳೆಯಿರಿ. ಕಡಿದ ಕಟ್ಟಿಗೆಯನ್ನು ಬಚ್ಚಲ ಒಲೆಗೆ ಹಾಕುವ ಮನೆಗಳಿವೆ. ದಯವಿಟ್ಟು ನಿಲ್ಲಿಸಿ, ಇದರ ಹೊಗೆಯೂ ವಿಷ. ಓಣಿಯಲ್ಲಿ, ತಿಪ್ಪೆಯ ಮೇಲೆ ಎಸೆದರೆ ಬಿಡಾಡಿ ದನ ತಿನ್ನುತ್ತದೆ. ಎರಡಡಿ ಆಳದ ಗುಂಡಿಯಲ್ಲಿ ಹೂಳಿ, ಇಲ್ಲವೇ ಚೀಲದಲ್ಲಿ ಬಿಗಿದು ಕಸದ ಗಾಡಿಗೆ ಕೊಡಿ, ಒಳಗೆ ಏನಿದೆಯೆಂದು ಪೌರಕಾರ್ಮಿಕರಿಗೆ ಬಾಯಿಬಿಟ್ಟು ಹೇಳಿ.

ಆರೋಗ್ಯದ ಕಡ್ಡಿಗಳನ್ನು ಮಾತ್ರ ಎತ್ತಿಟ್ಟುಕೊಳ್ಳಿ, ಹೊಸ ಗಿಡ ಮಾಡಲು ಅವು ಸಾಕು. ಪೆನ್ಸಿಲ್ ದಪ್ಪದ, ಹಸಿರು ಕಳೆದು ಕಂದಾಗುತ್ತಿರುವ ಟೊಂಗೆಯಿಂದ 20 ಸೆಂಟಿಮೀಟರ್ ತುಂಡು. ತುದಿಯ ಮೂರು ಎಲೆ ಬಿಟ್ಟು ಉಳಿದದ್ದು ತೆಗೆಯಿರಿ, ಉಳಿದ ಎಲೆಗಳನ್ನೂ ಅರ್ಧಕ್ಕೆ ಕತ್ತರಿಸಿ. ದಪ್ಪ ಉಸುಕು ಎರಡು ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು ಬೆರೆಸಿದ ಚೀಲದಲ್ಲಿ ಮೂರನೇ ಒಂದು ಭಾಗ ಹೂತು ನೆರಳಿನಲ್ಲಿಡಿ. ಮಳೆಗಾಲದಲ್ಲಿ ನಾಲ್ಕರಿಂದ ಆರು ವಾರಕ್ಕೆ ಬೇರು ಬರುತ್ತದೆ. ಬಣ್ಣದ ಬಾಟಲಿಯ ನೀರಿನಲ್ಲಿ ನಿಲ್ಲಿಸಿದರೂ ಬೇರೊಡೆಯುತ್ತದೆ, ಮೂರು ದಿನಕ್ಕೊಮ್ಮೆ ನೀರು ಬದಲಿಸಬೇಕು. ಆ ನೀರೂ ವಿಷ, ಅಡುಗೆಮನೆಯ ಕಿಟಕಿಯಲ್ಲಿ ಆ ಬಾಟಲಿ ಇರಬಾರದು. ಬೀಜದಿಂದ ಬೆಳೆಸಿದರೆ ತಾಯಿಯ ಬಣ್ಣ ಬರುತ್ತದೆಂಬ ಖಾತ್ರಿಯಿಲ್ಲ.

ಕೀಟಗಳಲ್ಲಿ ಹೆಚ್ಚು ಕಾಣುವುದು ಚಿಗುರಿಗೆ ಮುತ್ತುವ ಹಳದಿ ಹೇನು. ಪೈಪಿನ ಜೋರಾದ ನೀರು ಹೊಡೆದರೆ ಬಹುಪಾಲು ಉದುರುತ್ತದೆ. ಮತ್ತೆ ಬಂದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಅದು ಬೆರೆಯುವಷ್ಟು ಸಾಬೂನು ದ್ರವ ಹಾಕಿ ಬಿಸಿಲಿಳಿದ ಮೇಲೆ ಸಿಂಪಡಿಸಿ. ಹಗಲಿನ ಬಿಸಿಲಿಗೆ ಎಣ್ಣೆ ಹೊಡೆದರೆ ಎಲೆ ಸುಡುತ್ತದೆ. ಹೇನುಗಳ ನಡುವೆ ಊದಿಕೊಂಡು ಕಂದಾಗಿ ಅಲ್ಲಾಡದೆ ಕುಳಿತವು ಕಂಡರೆ ಔಷಧಿ ನಿಲ್ಲಿಸಿ. ಅವುಗಳೊಳಗೆ ಹೇನನ್ನು ಕೊಲ್ಲುವ ಸಣ್ಣ ಕಣಜದ ಮರಿ ಬೆಳೆಯುತ್ತಿದೆ. ಬೆರಳುದ್ದದ ಹಸಿರು ಹುಳು, ತಲೆಯ ಹಿಂದೆ ಎರಡು ನೀಲಿ ಕಣ್ಣಿನಂಥ ಗುರುತು, ಇದು ದೊಡ್ಡ ಪತಂಗವೊಂದರ ಮರಿ. ಒಂದೆರಡೇ ಇರುತ್ತವೆ, ಕೈಗವಸು ಹಾಕಿ ಆರಿಸಿದರೆ ಮುಗಿಯಿತು. ಎಲೆಯ ಕೆಳಗೆ ಬೆಳ್ಳಿಯ ಹೊಳಪಿನ ಕೋಶ ತೂಗುತ್ತಿದ್ದರೆ ಅದು ಕಂದು ಬಣ್ಣದ ಚಿಟ್ಟೆಯದು, ಇರಲಿ ಬಿಡಿ. ಟೊಂಗೆಯ ಮೇಲೆ ಗಂಟು ಗಂಟಾಗಿ ಒರಟು ಬಾವು ಎದ್ದರೆ ಮಾತ್ರ ಗಂಭೀರ. ಅದು ಬ್ಯಾಕ್ಟೀರಿಯಾ ರೋಗ, ಔಷಧಿಯಿಂದ ಹೋಗುವುದಿಲ್ಲ. ಗಂಟಿನಿಂದ ಒಂದು ಗೇಣು ಕೆಳಗೆ ಕತ್ತರಿಸಿ, ಪ್ರತಿ ಕಡಿತದ ನಂತರ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿ, ಇಲ್ಲದಿದ್ದರೆ ಕತ್ತರಿಯೇ ರೋಗ ಹರಡುತ್ತದೆ.

ಇನ್ನು ಸಭೆಯ ಪ್ರಶ್ನೆಗಳು.

ಮಾಳಿಗೆಯ ಮೇಲೆ ಕುಂಡದಲ್ಲಿ ಬೆಳೆಸಬಹುದೇ ಎಂದು ಅಕ್ಕ ಒಬ್ಬರು ಕೇಳಿದರು. ಬೆಳೆಸಬಹುದು, ಕುಂಡ 16 ರಿಂದ 18 ಇಂಚಿನದಿರಲಿ. ಕಪ್ಪು ಪ್ಲಾಸ್ಟಿಕ್ ಕುಂಡ ಬೇಡ, ನಮ್ಮ ಬೇಸಿಗೆಯಲ್ಲಿ ಒಳಗಿನ ಬೇರು ಬೆಂದುಹೋಗುತ್ತದೆ. ಮಣ್ಣಿನ ಅಥವಾ ಸಿಮೆಂಟಿನ ಕುಂಡವನ್ನು ಇಟ್ಟಿಗೆಗಳ ಮೇಲೆ ಎತ್ತರಿಸಿ ಇಡಿ. ಗಿಡಕ್ಕೆ ಬಿಸಿಲು ಬೇಕು, ಕುಂಡದ ಮೈಗೆ ಬೇಡ. ಗೋಣಿಚೀಲ ಸುತ್ತಿ, ಇಲ್ಲವೇ ಮುಂದೆ ಚಿಕ್ಕ ಕುಂಡಗಳನ್ನು ಜೋಡಿಸಿ ನೆರಳು ಮಾಡಿ. ಕುಂಡದಲ್ಲಿ ಮಾತ್ರ ಬೇಸಿಗೆಯಲ್ಲಿ ದಿನಾ ನೀರು, ತಳದ ತೂತಿನಿಂದ ಹೊರಬರುವವರೆಗೆ. ಮೂರು ವಾರಕ್ಕೊಮ್ಮೆ ಲೀಟರ್‌ಗೆ 2 ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನ) ಗೊಬ್ಬರದ ನೀರು. ಎರಡು ಮೂರು ವರ್ಷಕ್ಕೊಮ್ಮೆ ಜೂನಿನಲ್ಲಿ ಹೊರತೆಗೆದು, ಬೇರಿನ ಹೊರ ಸುತ್ತನ್ನು ಒಂದಿಂಚು ಸವರಿ ಹೊಸ ಮಣ್ಣು ತುಂಬಬೇಕು.

ಆರ್‌ಒ ಯಂತ್ರ ಕುಡಿಯುವ ನೀರು ಸೋಸಿ ಬೇಡವೆಂದು ಹೊರಬಿಡುವ ನೀರು ಹಾಕಬಹುದೇ? ಬೋರಿನ ನೀರಿಗಿಂತ ಅದರಲ್ಲಿ ಉಪ್ಪು ಹೆಚ್ಚು. ದಿನಾ ಒಂದೇ ಗಿಡಕ್ಕೆ ಸುರಿಯಬೇಡಿ. ಪಾತ್ರೆ ತಿಕ್ಕಲು, ನೆಲ ಒರೆಸಲು ಬಳಸಿ. ಬಟ್ಟೆ ತೊಳೆದ ನೀರಂತೂ ಬೇಡವೇ ಬೇಡ. ಅದರ ಸೋಡಿಯಂ ಎರೆಯ ಕಣಗಳನ್ನು ಬಿಡಿಸಿ ಮಣ್ಣನ್ನು ಕಲ್ಲಾಗಿಸುತ್ತದೆ. ಜಿಪ್ಸಂ ಹಾಕಿದರೆ ಸರಿಹೋಗುವುದೇ ಎಂದು ಅದರ ಜೊತೆಗೇ ಇನ್ನೊಬ್ಬರು ಕೇಳಿದರು. ಸೋಡಿಯಂ ಹೆಚ್ಚಿದೆ ಎಂದು ಮಣ್ಣು ಪರೀಕ್ಷೆಯಲ್ಲಿ ಗೊತ್ತಾದರೆ ಮಾತ್ರ ಅದರಿಂದ ಲಾಭ. ಬರೀ ಸುಣ್ಣ ಹೆಚ್ಚಿದ್ದರೆ ದುಡ್ಡು ದಂಡ. ಮೊದಲು ಪರೀಕ್ಷೆ ಮಾಡಿಸಿ, ಹಿಟ್ನಳ್ಳಿಯ ಕೃಷಿ ಮಹಾವಿದ್ಯಾಲಯದಲ್ಲಿ ವಿಚಾರಿಸಬಹುದು.

ಮೊಗ್ಗು ಬರುತ್ತದೆ, ಅರಳದೆ ಉದುರುತ್ತದೆ, ಏಕೆ? ಬೇಸಿಗೆಯಲ್ಲಾದರೆ ಮೊಗ್ಗಿನ ಹಂತದಲ್ಲಿ ಬೇರಿಗೆ ನೀರು ತಪ್ಪಿದೆ. ಮಳೆಗಾಲದಲ್ಲಿ ಸುತ್ತೆಸಳಿನ ತಳಿಯಾದರೆ ಅದು ಅದರ ಸ್ವಭಾವ. ಡಿಸೆಂಬರಿನಲ್ಲಿ ಕಟ್ಟಿದ ಮೊಗ್ಗು ಅರಳದೆ ನಿಂತಿದ್ದರೆ ಕತ್ತರಿಸಬೇಡಿ, ಬಿಸಿಲು ಏರಿದ ಮೇಲೆ ಎಷ್ಟೋ ಸಲ ಅದೇ ಮೊಗ್ಗು ಅರಳುತ್ತದೆ.

ಕೊನೆಯ ಪ್ರಶ್ನೆ ಹಿರಿಯರೊಬ್ಬರದು. ಇಪ್ಪತ್ತು ವರ್ಷದ ಗಿಡ, ಮಾಳಿಗೆ ಮುಟ್ಟಿದೆ, ಕಿತ್ತು ಹೊಸದು ಹಚ್ಚಬೇಕೇ ಎಂದು. ಕೀಳುವುದು ಬೇಡ. ಬೇರು ಗಟ್ಟಿಯಿದ್ದರೆ ಮೂರು ವರ್ಷದ ಸರದಿಯಲ್ಲೇ ಅದನ್ನು ಇಳಿಸಬಹುದು. ಗೋಡೆಗೆ, ವಿದ್ಯುತ್ ತಂತಿಗೆ ತಾಗಿ ತುರ್ತಿದ್ದರೆ ಮಾತ್ರ ಜನವರಿ ಕೊನೆಗೆ ಇಡೀ ಗಿಡವನ್ನು ಒಂದಡಿಗೆ ಕಡಿಯಿರಿ. ತಂತಿ ಹತ್ತಿರವಿದ್ದರೆ ಮೊದಲು ವಿದ್ಯುತ್ ಕಂಪನಿ ಹೆಸ್ಕಾಂಗೆ ತಿಳಿಸಿ ವಿದ್ಯುತ್ ನಿಲ್ಲಿಸಿಕೊಳ್ಳಿ. ಕಡಿದ ದಿನವೇ 40 ಲೀಟರ್ ನೀರು ಕೊಡಿ, ಫೆಬ್ರುವರಿಯ ಗೊಬ್ಬರ ತಪ್ಪಿಸಬೇಡಿ. ಬುಡದಿಂದ ಹತ್ತಾರು ಚಿಗುರು ಒಟ್ಟಿಗೆ ಏಳುತ್ತವೆ. ಗೇಣುದ್ದ ಆದಾಗ ಸುತ್ತಲೂ ಹರಡಿ ನಿಂತ ಆರನ್ನು ಉಳಿಸಿ ಮಿಕ್ಕದ್ದನ್ನು ಕಿತ್ತುಹಾಕಿ. ಆ ಬೇಸಿಗೆಯಲ್ಲಿ ಹೂವಿನ ಆಸೆ ಬೇಡ, ದಸರೆಯ ಹೊತ್ತಿಗೆ ಮೊದಲ ಗೊಂಚಲು ಕಾಣಿಸಿಕೊಳ್ಳಬಹುದು. ಗಿಡ ತುಂಬಿ ಹೂ ಬರುವುದು ಅದರ ಮುಂದಿನ ಬೇಸಿಗೆಗೆ.